ಏಳನೆಯ ಸಾಲು

ಇಲ್ಲಿ ಸೂರ್ಯ ಬಡಗಣ ದಿಕ್ಕಿನವನು.
ಬಡಗಣಕ್ಕೆ ತಲೆಯಿಟ್ಟು ಮಲಗಬಾರದೆಂದು
ಕಿವಿ ಹಿಂಡಿ ಕಲಿಸಿದ್ದ ಸೋದರತ್ತೆಗೆ
ಬೆಂಡಿಗೋದ ಮಾಡುಗಳನ್ನು ತೋರಿಸಬೇಕಿತ್ತು:
ಊರಿಗೆ ಊರೇ ಬಡಗಣಕ್ಕೆ ತಲೆ ಹಾಕಿದೆ,
ಅದರ ಮೇಲೆ ಸಂಪಾದನೆ ಬೇರೆ.

ಮೆರ್ಲ್ ಟ್ರೆಲೋರಳ ಮನೆ ಚಿನ್ನದ ಗಣಿಯ ಕಾಲದ್ದು.
ಬೀದಿಗೆ ಕಾಣುವಂತೆ ಫಲಕ ನಿಲ್ಲಿಸಕೂಡದು,
ಹಳೆಯ ಬೀದಿ ಹಳೆಯದಾಗಿಯೇ ಕಾಣಬೇಕು
ಎಂದು ಕೌನ್ಸಿಲ್ಲಿನ ಕಾಗದ.
ಅದಕ್ಕೇ ಈ ಹೆಂಚು.
ದೂರದಿಂದ ಬರೀ ಕಪ್ಪು ಸ್ಲೇಟು;
ಕಣ್ಣು ಮುಚ್ಚಿ ಬಿಸಿಲು ಕುಡಿದು
ಬಾಯೊರೆಸಿಕೊಂಡು ಕೂತ ಬೆಕ್ಕು.

ಹದಿಮೂರು ಸಾಲು, ಮುನ್ನೂರ ಹನ್ನೆರಡು ಹೆಂಚು.
ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಅರ್ಧ ಹೊದಿಸಿ,
ಒಂದರ ಬಾಲ ಇನ್ನೊಂದರ ಬಾಯಿಗೆ ಸಿಕ್ಕಿಸಿದಾಗ
ಟಿಕ್ ಎನ್ನಬೇಕು.
ಟಿಕ್ ಎಂದರೆ ಹಿಡಿಯಿತು.
ಇದು ಕಣ್ಣಿನ ಕೆಲಸವಲ್ಲ, ಕಿವಿಯದು
ಎಂದು ಹೊಸಬರಿಗೆ ಹೇಳಿಕೊಡುವವಳೇ ನಾನು.

ಏಳನೆಯ ಸಾಲು ಚಿಮಣಿಗೆ ತಾಗುವಲ್ಲಿ
ಸಡಿಲವಾಗಿದ್ದ ಇಟ್ಟಿಗೆಯೊಂದನ್ನು ಟೆವಿಟಾ ಎಳೆದ.
ಒಳಗೆ ಮಗುವಿನ ಜೋಡು.
ಜೋಡು ಎನ್ನುವಂತಿಲ್ಲ, ಒಂದೇ ಇತ್ತು,
ಎಡಗಾಲಿನದು, ಗೇಣುದ್ದವೂ ಇಲ್ಲ,
ಹೆಬ್ಬೆರಳ ಕಡೆ ಸವೆದದ್ದು.
ಏಣಿಯ ಬುಡದಿಂದ ಮೆರ್ಲ್ ಕೂಗಿದಳು:
"ಎಲ್ಲಿತ್ತೋ ಅಲ್ಲೇ ಇಡಿ!
ಕೆಟ್ಟದ್ದು ಬರದಿರಲೆಂದು ಇಟ್ಟವರು ಇಟ್ಟದ್ದು."
ನಗಲು ನನಗೆ ಹಕ್ಕಿರಲಿಲ್ಲ.
ನಮ್ಮ ಲಾರಿಗಳ ಹಿಂದೆ ನೇತಾಡುವುದೂ
ಹಳೆಯ ಚಪ್ಪಲಿಯೇ.
ಟೆವಿಟಾ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ.
ಬೂಟು ಒಳಗೆ ಹೋಯಿತು, ಇಟ್ಟಿಗೆ ಮುಚ್ಚಿತು,
ಕೆಳಗೆ ಚಹಾ ಆರುತ್ತಿತ್ತು.

ಮೂರು ಬೇಸಗೆ ಕಳೆದ ಮೇಲೆ ಫೋನು.
"ಮೀಟರಿಗೆ ಯಾಕೋ ಊಟ ಸೇರುತ್ತಿಲ್ಲ ಕಣೇ."

ನಸುಕಿಗೇ ಹತ್ತಿದೆ, ಹೆಂಚು ಕಾಯುವ ಮೊದಲು.
ಮೊದಲ ಅನುಮಾನ ಕಾಕಟೂಗಳ ಮೇಲೆ,
ಆ ಬಿಳಿ ಪುಂಡರಿಗೆ ತಂತಿಯೆಂದರೆ ಕಬ್ಬಿನ ಜಲ್ಲೆ.
ಆಮೇಲೆ ನವೆಂಬರಿನ ಆಲಿಕಲ್ಲಿನ ಮೇಲೆ.
ಗಮ್ ಮರದ ಎಲೆ ಗುಡಿಸಿ, ಹಿಕ್ಕೆ ನೆನೆಸಿ,
ಮೆತ್ತನೆ ಬ್ರಷ್ಷಿನಲ್ಲಿ ಒಂದೊಂದರ ಮುಖ ತೊಳೆದೆ;
ಎಲ್ಲೂ ಬಿರುಕಿಲ್ಲ, ಎಲ್ಲೂ ಕಚ್ಚಿಲ್ಲ.
ಮೀಟರು ಹಿಡಿದು ಸಾಲು ಸಾಲಾಗಿ ಕೇಳುತ್ತ ಹೋದೆ.
ಒಂದು ಸರಿ. ಎರಡು ಸರಿ. ಆರರವರೆಗೂ ಸರಿ.
ಏಳು ಮಾತಾಡಲಿಲ್ಲ.

ಚಿಮಣಿಯ ಪಕ್ಕದ ಹೆಂಚು ಎತ್ತಿದೆ.
ಬಾಲ ಬಾಯಿಯ ಅಂಚಿನಲ್ಲೇ ಕೂತಿದೆ,
ಒಳಗೆ ಹೋಗಿಲ್ಲ.
ಕೂದಲೆಳೆಯಷ್ಟು ಸಂದು, ಸಂದಿನಲ್ಲಿ ಸುಟ್ಟ ಕಪ್ಪು.
ಬೂಟಿನ ಕಡೆ ಕಣ್ಣು ಹೋದಾಗ
ಅರ್ಧಕ್ಕೇ ಬಿಟ್ಟ ಕೈ
ನನ್ನದೇ.

ಮೂರು ವರ್ಷ
ತಾಗಿಯೂ ಹಿಡಿಯದ ಆ ಎರಡು ಲೋಹದ ತುದಿಗಳು
ಇಪ್ಪತ್ತನಾಲ್ಕು ಹೆಂಚಿನ ಬಿಸಿಲನ್ನು
ಹೇಗೋ ದಾಟಿಸಿಕೊಂಡು ಬಂದಿದ್ದವು.
ಕೆಳಗೆ ನೂರು ವರ್ಷ ಒಣಗಿದ ತೊಲೆ.
ಹೊರಗೆ ಫೆಬ್ರವರಿ.
ಹತ್ತಿಕೊಳ್ಳಬಹುದಿತ್ತು.
ಇಟ್ಟಿಗೆಯ ಕಡೆ ನೋಡಬಾರದೆಂದುಕೊಂಡೆ.
ನೋಡಿದೆ.

ಇಳಿದು ಬಂದು ಹೇಳಿದೆ:
ತಪ್ಪು ಕಾಕಟೂದಲ್ಲ, ನನ್ನದು. ಬಿಲ್ಲು ಇಲ್ಲ.
ಮೆರ್ಲ್ ಕನ್ನಡಕ ತೆಗೆದು ಸೆರಗಿಲ್ಲದೆ
ಅಂಗಿಯ ಚುಂಗಿನಲ್ಲಿ ಒರೆಸಿಕೊಂಡಳು.
"ಅವತ್ತು ಕೂಗಿದವಳು ನಾನು.
ಅರ್ಧ ಬಿಲ್ಲು ಬರಿ."
ಸ್ವಲ್ಪ ತಡೆದು,
"ಅದು ಇದೆಯೇನೇ, ಒಳಗೆ?"
ತೆಗೆದು ನೋಡಲಿಲ್ಲ ಎಂದೆ.
"ಒಳ್ಳೆಯದು."

ಮತ್ತೆ ಹತ್ತಿ, ಸುಟ್ಟದ್ದು ಕತ್ತರಿಸಿ,
ಹೊಸ ಬಾಯಿ ಕೂರಿಸಿ, ಉಸಿರು ಹಿಡಿದು
ಕಿವಿ ಹೆಂಚಿಗೆ ಹತ್ತಿರ ತಂದು ಒತ್ತಿದೆ.
ಟಿಕ್.
ಮಾಡಿನ ನೆತ್ತಿಯಲ್ಲಿ ಕೂತಿದ್ದ ಕಾಕಟೂ
ಅದನ್ನೇ ಅಣಕಿಸಿತು, ಎರಡು ಸಲ.
ಮೊದಲಿನದು ಯಾರದೆಂದು ಅನುಮಾನ ಹುಟ್ಟಿ
ಎಲ್ಲ ಬಿಚ್ಚಿ
ಮತ್ತೊಮ್ಮೆ ಒತ್ತಿದೆ.